ಹೋಗು ಎಂಬ ಅರ್ಧ ಮಾತು

ನನ್ನ ಅವ್ವನಿಗೂ ನನಗೂ ಏಳು ವರ್ಷ ಮಾತಿರಲಿಲ್ಲ. ಹೇಳಿಕೊಳ್ಳುವಂಥ ವಿಷಯವಲ್ಲ, ಗೊತ್ತು. ಆದರೆ ಆ ಏಳು ವರ್ಷವೂ ನಾನು ಅದನ್ನು ಕಂಡಕಂಡವರಿಗೆ ಹೇಳಿಕೊಂಡೇ ತಿರುಗಿದ್ದೇನೆ. ಸಾಲದ್ದಕ್ಕೆ ನಾಟಕ ಬರೆದು ರೇಡಿಯೋದಲ್ಲೂ ಹೇಳಿಸಿದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರಲ್ಲ, ನಮ್ಮಿಬ್ಬರ ವಿಷಯದಲ್ಲಿ ನೂಲೂ ಬಿರುಸು, ಸೀರೆಯೂ ಬಿರುಸು.

ಜಗಳದ ಮೂಲ ನನ್ನ ಸೋದರಮಾವ ಮರುಳಪ್ಪ. ಪಾಪ, ಆತ ನ್ಯಾಮತಿಯಲ್ಲಿ ತನ್ನ ಬಟ್ಟೆ ಅಂಗಡಿಯಲ್ಲಿ ಮೀಟರುಗೋಲು ಹಿಡಿದುಕೊಂಡು ತಣ್ಣಗೆ ಇದ್ದ ಮನುಷ್ಯ. ನಾನು ತೊಟ್ಟಿಲಲ್ಲಿದ್ದಾಗಲೇ ನನ್ನ ಅಜ್ಜಿ, ಅಂದರೆ ಅವ್ವನ ತಾಯಿ, ಈ ಹುಡುಗಿ ನನ್ನ ಮಗನಿಗೇ ಎಂದು ಅವ್ವನಿಂದ ಮಾತು ತೆಗೆದುಕೊಂಡಿದ್ದಳಂತೆ. ತೊಟ್ಟಿಲಲ್ಲಿ ಮಲಗಿದವಳನ್ನು ಯಾರು ಕೇಳುತ್ತಾರೆ? ನಾನು ಟಿ.ಸಿ.ಎಚ್. ಮುಗಿಸಿ, ಜಗಳೂರು ತಾಲೂಕಿನ ಬಿಳಿಚೋಡಿನ ಶಾಲೆಗೆ ಟೀಚರ್ ಆಗಿ ಆರ್ಡರು ಬಂದ ವಾರವೇ, ನ್ಯಾಮತಿಯಿಂದ ಹಿರಿಯರು ವೀಳ್ಯದ ತಟ್ಟೆ ಹಿಡಿದುಕೊಂಡು ಚನ್ನಗಿರಿಯ ನಮ್ಮ ಮನೆಗೆ ಬಂದರು. ಅದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಮಾತು. ನಾನು ನಡುಮನೆಯಲ್ಲಿ ಎಲ್ಲರೆದುರು ನಿಂತು, ಮಾವನ ತೊಡೆಯ ಮೇಲೆ ಕೂತು ಪೆಪ್ಪರಮೆಂಟು ತಿಂದವಳು ನಾನು, ಅವನನ್ನು ಮದುವೆಯಾಗುವುದು ನನ್ನಿಂದ ಆಗದು ಎಂದೆ. ಮಾವ ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು ಎದ್ದುಹೋದ. ಹಿರಿಯರೂ ಅವನ ಹಿಂದೆ ಹೋದರು.

ಅವ್ವ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆ ವರ್ಷ ನಾಗರ ಪಂಚಮಿಗೆ ಅವಳನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಕರೆಯಲು ಬಾರದಿದ್ದರೆ ಆ ಹೆಣ್ಣಿಗೆ ತವರು ಮುಗಿಯಿತೆಂದೇ ಲೆಕ್ಕ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ನನ್ನ ನೋವೇ ದೊಡ್ಡದು ಎಂದುಕೊಂಡೆ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರಿಗೆ ಅದರಾಚೆ ಏನೂ ಕಾಣುವುದಿಲ್ಲ.

ನನ್ನ ನೋವು ಯಾವುದೆಂದರೆ, ಕೆಲಸಕ್ಕೆ ಹೊರಟ ದಿನ ಅವ್ವ ಅಂದ ಮಾತು. ಅಪ್ಪ ವಿರೂಪಾಕ್ಷಪ್ಪ ಹೊರಗೆ ಕೈಗಾಡಿಯವನ ಹತ್ತಿರ ನನ್ನ ಟ್ರಂಕು ಹೇರಿಸುತ್ತಿದ್ದ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತು ಹೊರಟೆನೆಂದು ಹೇಳಿದೆ. ಅವ್ವ ತಿರುಗಿ ನೋಡಲಿಲ್ಲ. “ಹೋಗು” ಎಂದಳು, ಅಷ್ಟೇ. ಊರಿಗೆ ಹೊರಟವರಿಗೆ ಯಾರಾದರೂ ಬರೀ ‘ಹೋಗು’ ಅನ್ನುತ್ತಾರೆಯೇ? ‘ಹೋಗಿ ಬಾ’ ಅನ್ನುತ್ತಾರೆ. ಬಾಗಿಲಿಗೆ ಬಂದ ಹಸುವನ್ನು ಅಟ್ಟುವಾಗಲೂ ‘ಮುಂದಕ್ಕೆ ಹೋಗವ್ವ’ ಎನ್ನುವ ಹೆಂಗಸು ನನ್ನ ಅವ್ವ. ಹೆತ್ತ ಮಗಳಿಗೆ ‘ಬಾ’ ಎನ್ನುವ ಒಂದಕ್ಷರ ಸೇರಿಸಲಿಲ್ಲ. ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಅಳು ಬರುವ ಮೊದಲೇ ಅಡಿಕೆ ಮಂಡಿಯ ಕಡೆ ಹೊರಟುಬಿಟ್ಟ. ನಾನು ದಾವಣಗೆರೆಯವರೆಗೂ ಅಳುತ್ತಾ ಹೋದೆ, ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡೆ.

ಅಪ್ಪ ಮಾತ್ರ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ತಿಂಗಳಿಗೊಂದು ಕಾರ್ಡು ತಪ್ಪದೆ ಹಾಕುತ್ತಿದ್ದ. ಮಳೆ, ಅಡಿಕೆಯ ಧಾರಣೆ, ಬೀದಿಯ ಮದುವೆಗಳು, ಕೊನೆಗೆ ಒಂದು ಸಾಲು: ನಿಮ್ಮ ತಾಯಿ ಕ್ಷೇಮ. ಏಳು ವರ್ಷಕ್ಕೆ ಎಂಬತ್ತಕ್ಕೂ ಹೆಚ್ಚು ಕಾರ್ಡುಗಳಲ್ಲಿ ಅದೊಂದೇ ಸಾಲು ಬಂತು.

ಬಿಳಿಚೋಡಿನಲ್ಲಿ ನಾನು ಬಾಡಿಗೆಗಿದ್ದದ್ದು ಗಿಡ್ಡಮ್ಮ ಎಂಬ ಕುರಿ ಸಾಕುವ ಹೆಂಗಸಿನ ಮನೆಯ ಮುಂದಿನ ಕೋಣೆಯಲ್ಲಿ. ಅಲ್ಲಿ ಭಾನುವಾರದ ಮಧ್ಯಾಹ್ನಗಳು ಉದ್ದ. ರೇಡಿಯೋದಲ್ಲಿ ನಾಟಕ ಕೇಳುತ್ತಾ ಕೇಳುತ್ತಾ, ಇವರು ಬರೆಯುವುದನ್ನು ನಾನೂ ಬರೆಯಬಲ್ಲೆ ಎನ್ನಿಸಿತು. ಬರೆದೆ. ಹೆಸರು ‘ಅಗುಳಿ’. ತಾಯಿ, ಮಗಳು, ಮನೆ ಬಿಟ್ಟುಹೋಗುವ ದಿನ. ತಾಯಿಗೆ ಹೆಸರಿಟ್ಟಿರಲಿಲ್ಲ, ಆದರೆ ಅವಳು ಮಾತುಮಾತಿಗೂ “ಕಂಡಿದ್ದೀನಿ ಬಿಡು” ಎನ್ನುತ್ತಿದ್ದಳು. ಚನ್ನಗಿರಿಯ ನಮ್ಮ ಬೀದಿಯಲ್ಲಿ ಹಾಗೆ ಅನ್ನುವವಳು ಒಬ್ಬಳೇ, ಕಸ್ತೂರಮ್ಮ. ಕೊನೆಯಲ್ಲಿ ಮಗಳು ಹೊಸ್ತಿಲಲ್ಲಿ ನಿಂತು ‘ಹೋಗಿ ಬರ್ತೀನಿ ಅವ್ವ’ ಎನ್ನುತ್ತಾಳೆ. ತಾಯಿ ‘ಹೋಗು’ ಎನ್ನುತ್ತಾಳೆ. ಅಗುಳಿ ಬೀಳುವ ಸದ್ದು. ನಾಟಕ ಮುಗಿಯಿತು. ಓದಿ ನೋಡಿ, ಸರಿಯಾಗಿ ಬಾರಿಸಿದ್ದೇನೆ ಎಂದು ಖುಷಿಪಟ್ಟೆ.

ಭದ್ರಾವತಿಯ ಆಕಾಶವಾಣಿಗೆ ಕಳಿಸಿದ ನಾಟಕ ಒಪ್ಪಿತವಾಗಿ, ಎಂಬತ್ತೊಂದರ ಸೆಪ್ಟೆಂಬರಿನಲ್ಲಿ ರೆಕಾರ್ಡಿಂಗಿಗೆ ಬಂದು ನೋಡಬಹುದೆಂದು ಕಾಗದ ಬಂತು. ಸಂತೋಷ ತಡೆಯಲಾರದೆ ಅಪ್ಪನಿಗೂ ಒಂದು ಕಾರ್ಡು ಹಾಕಿದೆ. ದಾವಣಗೆರೆಯಿಂದ ಭದ್ರಾವತಿಗೆ ಹೋಗುವ ಬಸ್ಸು ಚನ್ನಗಿರಿಯ ಮೇಲೇ ಹಾಯಬೇಕು, ಅಲ್ಲಿ ಹತ್ತು ನಿಮಿಷ ನಿಲ್ಲಬೇಕು. ಆ ಹತ್ತು ನಿಮಿಷವೂ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, ಕಡಲೆಕಾಯಿ ಮಾರುವವರಿಗೂ ಮುಖ ತೋರಿಸದೆ ಕೂತಿದ್ದೆ.

ಸ್ಟುಡಿಯೋದಲ್ಲಿ ತಾಯಿಯ ಪಾತ್ರಕ್ಕೆ ಶಿವಮೊಗ್ಗದಿಂದ ಬರಬೇಕಿದ್ದ ಹಿರಿಯ ಕಲಾವಿದೆಗೆ ಗಂಟಲು ಕಟ್ಟಿತ್ತು. ನಿರ್ಮಾಪಕರು ನನ್ನನ್ನು ಎರಡು ಪುಟ ಓದಿಸಿದರು. ಮಕ್ಕಳಿಗೆ ಮಗ್ಗಿ ಕೂಗಿಸಿ ಕೂಗಿಸಿ ಒರಟಾದ ನನ್ನ ದನಿ ಅವರಿಗೆ ಹಿಡಿಸಿತು, ತಾಯಿ ನೀವೇ ಆಗಿ ಮೇಡಂ ಎಂದರು. ಮಗಳ ಪಾತ್ರಕ್ಕೆ ಹೊನ್ನಾಳಿಯ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು. ಮೈಕಿಗೆ ಕೇಳಿಸುತ್ತದೆಂದು ನನ್ನ ಬಳೆಗಳನ್ನು ತೆಗೆಸಿದರು. ಹಾಳೆ ಸರಕ್ ಅನ್ನದಂತೆ ತಿರುವುವುದನ್ನು ಕಲಿಸಿದರು. ಮೂಲೆಯಲ್ಲಿ ಒಂದು ಸುಳ್ಳು ಬಾಗಿಲು ಇತ್ತು. ಗೋಡೆಯೇ ಇಲ್ಲದ ಚೌಕಟ್ಟು, ಅದಕ್ಕೊಂದು ಕದ, ಕದಕ್ಕೊಂದು ನಿಜವಾದ ಅಗುಳಿ. ಸದ್ದು ಮಾಡುವುದಕ್ಕೇ ಹುಟ್ಟಿದ ಬಾಗಿಲು ಅದು.

ಅರ್ಧ ಗಂಟೆಯ ನಾಟಕ ಸುಸೂತ್ರವಾಗಿ ಸಾಗಿತು. ಅವ್ವನ ಹಾಗೆ ಗದರುವುದು, ಅವ್ವನ ಹಾಗೆ ಮಾತು ನುಂಗುವುದು, ‘ಕಂಡಿದ್ದೀನಿ ಬಿಡು’ ಅನ್ನುವಾಗ ಕೊನೆಯಲ್ಲಿ ದನಿ ಇಳಿಸುವುದು, ಎಲ್ಲವೂ ನಾನು ಕಲಿಯದೆಯೇ ಬಂತು. ಕೊನೆಯ ಮಾತಿಗೆ ಬಂದೆವು. ಹೊನ್ನಾಳಿಯ ಹುಡುಗಿ ಮೈಕಿನ ಮುಂದೆ ಮೆಲ್ಲಗೆ, “ಹೋಗಿ ಬರ್ತೀನಿ ಅವ್ವ” ಎಂದಳು.

“ಹೋಗ್ ಬಾ” ಎಂದೆ ನಾನು.

ಗಾಜಿನ ಆಚೆ ನಿರ್ಮಾಪಕರು ಕೈ ಎತ್ತಿ ನಿಲ್ಲಿಸಿದರು. ಮೇಡಂ, ನೀವೇ ಬರೆದದ್ದು ‘ಹೋಗು’ ಅಂತ ಎಂದು ನೆನಪಿಸಿದರು. ನಾನು ನಕ್ಕು ಮತ್ತೆ ಶುರುಮಾಡಿದೆ. ಎರಡನೆಯ ಸಲವೂ ‘ಹೋಗ್ ಬಾ’ ಎಂದೇ ಬಂತು. ಹಾಳೆಯಲ್ಲಿ ಆ ಪದದ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದುಕೊಂಡೆ. ಮೂರನೆಯ ಸಲ ‘ಹೋಗು’ ಎಂದು ನಿಲ್ಲಿಸುವಷ್ಟರಲ್ಲಿ ‘ಬಾ’ ತಾನಾಗಿ ಹಿಂದೆ ಬಂದು ಬಿತ್ತು. ಹೊನ್ನಾಳಿಯ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನಿರ್ಮಾಪಕರಿಗೂ ಸಾಕಾಗಿ, ಹಾಗೇ ಇರಲಿ ಬಿಡಿ, ‘ಹೋಗಿ ಬಾ’ ಅಂದರೂ ನಾಟಕಕ್ಕೆ ನಷ್ಟವಿಲ್ಲ ಎಂದರು. ನನಗೆ ಹಟ ಬಂತು. ಆ ಒಂದು ಮಾತಿಗಾಗಿಯೇ ನಾಟಕ ಬರೆದದ್ದು, ಅದನ್ನು ಬದಲಿಸುವುದಿಲ್ಲ ಎಂದೆ. ನಾಲ್ಕನೆಯ ಸಲ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ‘ಹೋಗು’ ಎಂದು ಅಲ್ಲಿಗೇ ಕತ್ತರಿಸಿದೆ. ಅಗುಳಿ ಬಿತ್ತು. ಬಹಳ ಚೆನ್ನಾಗಿ ಬಂತು ಎಂದು ಎಲ್ಲರೂ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಕೂತ ಮೇಲೆ ಯೋಚನೆ ಶುರುವಾಯಿತು. ಸಿಟ್ಟಿನಲ್ಲಿ ಬರೆದು, ಹಾಳೆ ಕೈಯಲ್ಲಿ ಹಿಡಿದು, ಅಡಿಗೆರೆ ಎಳೆದುಕೊಂಡು ನಿಂತ ನನಗೇ ಆ ಮಾತು ನಾಲ್ಕು ಸಲಕ್ಕೆ ಬಂತು. ಹೊರಟವರಿಗೆ ‘ಬಾ’ ಅನ್ನದೆ ಇರುವುದು ನಮ್ಮ ನಾಲಿಗೆಗೆ ಗೊತ್ತೇ ಇಲ್ಲ. ಆ ನಾಲಿಗೆಯನ್ನು ನನಗೆ ಕೊಟ್ಟವಳು ಅವ್ವ. ಹಾಗಿರುವಾಗ ಅವಳು ಒಂದೇ ಸಲಕ್ಕೆ, ಯೋಚನೆಯಿಲ್ಲದೆ, ಬರೀ ‘ಹೋಗು’ ಅಂದಳೇ? ಸಾಧ್ಯವೇ ಇಲ್ಲ. ‘ಹೋಗ್ ಬಾ’ ಎಂದೇ ಅಂದಿರಬೇಕು. ರೊಟ್ಟಿ ತಟ್ಟುವ ಸದ್ದಿನಲ್ಲಿ ‘ಬಾ’ ಮುಳುಗಿಹೋಗಿರಬೇಕು. ಮುಳುಗಿದ ಒಂದಕ್ಷರಕ್ಕೆ ನಾನು ಏಳು ವರ್ಷ ಅವಳ ಮುಖ ನೋಡಲಿಲ್ಲ, ಈಗ ಊರೆಲ್ಲ ಕೇಳುವಂತೆ ಅವಳ ಮೇಲೆ ಸುಳ್ಳು ಹೊರಿಸಿ ಬಂದಿದ್ದೇನೆ. ಬಸ್ಸು ಚನ್ನಗಿರಿಯಲ್ಲಿ ಮತ್ತೆ ಹತ್ತು ನಿಮಿಷ ನಿಂತಿತು. ಇಳಿಯಬೇಕೆಂದು ಎದ್ದೆ, ಮತ್ತೆ ಕೂತೆ.

ಹತ್ತು ದಿನಕ್ಕೆ ಅಪ್ಪನ ಕಾರ್ಡು ಬಂತು. ಮುಂದಿನ ಭಾನುವಾರ ಮಧ್ಯಾಹ್ನ ಎರಡೂವರೆಗೆ ನಾಟಕವೆಂದು ರೇಡಿಯೋದಲ್ಲಿ ಹೇಳಿದ್ದು ಕೇಳಿದನಂತೆ. ಹೊಸ ಸೆಲ್ಲು ಹಾಕಿಸಿದ್ದಾನಂತೆ. ಬೀದಿಯ ಹೆಂಗಸರನ್ನೆಲ್ಲ ನಮ್ಮ ಮನೆಗೇ ಕರೆದಿದ್ದಾನಂತೆ. ಕೊನೆಗೆ, ನಿಮ್ಮ ತಾಯಿ ಕ್ಷೇಮ. ಕಾರ್ಡು ಹಿಡಿದುಕೊಂಡು ನಾನು ಗಿಡ್ಡಮ್ಮನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಮರಿಗೆ ಸೊಪ್ಪು ಹಿಡಿದಿದ್ದವಳು ತಲೆಯೆತ್ತಿ, “ನಿಮ್ಮವ್ವನ್ನ ಬೈಯಾಕೆ ರೇಡಿಯೋ ತನಕ ಹೋಗಿ ಬಂದ್ರಿ ಟೀಚರಮ್ಮ. ತಪ್ಪಾತು ಅನ್ನಾಕೆ ಚನ್ನಗಿರಿ ತನಕ ಹೋಗಾಕೆ ಆಗಲ್ವಾ?” ಎಂದಳು.

ಭಾನುವಾರ ಬೆಳಿಗ್ಗೆಯ ಬಸ್ಸು ಹಿಡಿದು ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಬಾಗಿಲಲ್ಲಿ ನಿಂತೆ. ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಏಳು ವರ್ಷದಿಂದ ಎದ್ದೇ ಇಲ್ಲವೇನೋ ಎನ್ನುವಂತೆ ಅದೇ ಜಾಗ, ಅದೇ ಮಣೆ. ಕೂದಲು ಮಾತ್ರ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಕೈ ಒಂದು ಗಳಿಗೆ ನಿಂತಿತು, ಮತ್ತೆ ತಟ್ಟಿತು. ರೀ, ಬಂದೋರಿಗೆ ಕಾಲಿಗೆ ನೀರು ಕೊಡ್ರಿ ಎಂದು ಅಪ್ಪನಿಗೆ ಹೇಳಿದಳು. ಅಪ್ಪ ತಂಬಿಗೆ ತಂದುಕೊಟ್ಟ. ರೀ, ಬಂದೋರು ಉಂಡಿದ್ದಾರೇನು ಕೇಳ್ರಿ ಎಂದಳು. ಅಪ್ಪ ಕೇಳಿದ. ಇಲ್ಲ ಎಂದು ನಾನು ಅಪ್ಪನಿಗೆ ಹೇಳಿದೆ, ಅಪ್ಪ ಮೂರು ಮಾರು ದೂರದಲ್ಲಿದ್ದ ಅವ್ವನಿಗೆ ತಲುಪಿಸಿದ. ಪೋಸ್ಟು ಹಂಚುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಉಂಡ ಮೇಲೆ ತಟ್ಟೆ ಇಡುವ ನೆಪದಲ್ಲಿ ಅವ್ವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ. “ಅವ್ವ, ನಾಟಕದ ಕೊನೇಗೆ ನಂದು ಒಂದು ತಪ್ಪು ಐತೆ. ಅವತ್ತು ನೀನು ಹೋಗ್ ಬಾ ಅಂದಿದ್ದೆ. ರೊಟ್ಟಿ ಸದ್ದಿಗೆ ನನಗೆ ಬಾ ಕೇಳಿಸಿರಲಿಲ್ಲ. ಕೇಳಿಸದೆ ಹೋದದ್ದನ್ನ ಹಂಗೇ ಬರೆದುಬಿಟ್ಟೆ.” ಅವ್ವ ನನ್ನ ಮುಖವನ್ನೇ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಸಿದ್ದಲಿಂಗಮ್ಮ ಆರೇಳು ಹೆಂಗಸರ ಜೊತೆ ಒಳಗೆ ಬಂದಳು. ಗಂಗಿ ಬಂದಿದ್ದಾಳೆ ಎಂದು ಗದ್ದಲವೋ ಗದ್ದಲ. ಅವ್ವ ಹೂಬತ್ತಿ ಹೊಸೆಯಲು ಹತ್ತಿ ತೆಗೆದುಕೊಂಡು ಗೋಡೆಗೆ ಒರಗಿ ಕೂತಳು. ಅಪ್ಪ ರೇಡಿಯೋದ ಮೇಲಿನ ಕಸೂತಿ ಬಟ್ಟೆಯನ್ನು ತೆಗೆದ.

ನನ್ನ ದನಿ ನನಗೇ ಅಪರಿಚಿತವಾಗಿತ್ತು. ಬೇರೆ ಯಾರಿಗೂ ಅಲ್ಲ. ಮೊದಲನೆಯ ‘ಕಂಡಿದ್ದೀನಿ ಬಿಡು’ ಬಂದ ತಕ್ಷಣ ಸಿದ್ದಲಿಂಗಮ್ಮ ತೊಡೆ ಬಡಿದುಕೊಂಡು ನಕ್ಕಳು. ಕಸ್ತೂರಕ್ಕ, ನೀನೇ ಒಳಗೆ ಹೋಗಿ ಕುಂತಂಗೈತಲ್ಲೇ ಎಂದಳು. ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಅವ್ವ ನಗಲಿಲ್ಲ, ಬತ್ತಿ ಹೊಸೆಯುವುದನ್ನು ನಿಲ್ಲಿಸಲೂ ಇಲ್ಲ. ನಾಟಕ ಸಾಗಿದಂತೆ ನಗು ಕಡಿಮೆಯಾಯಿತು. ಅದು ಯಾರ ಮನೆಯ ಕಥೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ನಾನು ಕಂಬದ ಮರೆಗೆ ಸರಿದೆ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

‘ಹೋಗಿ ಬರ್ತೀನಿ ಅವ್ವ’ ಎಂದಿತು ರೇಡಿಯೋ. ಅವ್ವನ ಕೈ ನಿಂತಿತು. ‘ಹೋಗು’ ಎಂದಿತು. ಅಗುಳಿ ಬಿತ್ತು.

ಯಾರೋ ಲೊಚಗುಟ್ಟಿದರು. ಬರ್ತೀನಿ ಅಂದ ಮಗಳಿಗೆ ಹಂಗಾ ಅನ್ನೋದು ಎಂದು ಒಬ್ಬಳು ಶುರುಮಾಡಿದಳು, ಸಿದ್ದಲಿಂಗಮ್ಮ ಅವಳನ್ನು ತಿವಿದಳು. ಒಬ್ಬೊಬ್ಬರಾಗಿ ಎದ್ದರು. ಅವ್ವ ಎಲ್ಲರಿಗೂ ಕುಂಕುಮ ಕೊಟ್ಟು, ಒಬ್ಬೊಬ್ಬರಿಗೂ ‘ಹೋಗ್ ಬಾ’, ‘ಹೋಗ್ ಬಾ’ ಎಂದು ಕಳಿಸಿದಳು. ಎಂಟು ಸಲ ಅಂದಳು, ನಾನು ಎಣಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತಂತೂ ಊರೂರಿಗೆ ಹೋಗಿತ್ತು.

ಬಾಗಿಲು ಮುಂದಕ್ಕೆ ಮಾಡಿ ಬಂದು ಅವ್ವ ನನ್ನ ಎದುರು ಕೂತಳು. ಈ ಸಲ ಅಪ್ಪನ ಕಡೆ ತಿರುಗಲಿಲ್ಲ.

“ರೊಟ್ಟಿ ಸದ್ದಿಗೆ ಏನೂ ಮುಳುಗಲಿಲ್ಲ ಗಂಗಿ. ನಾನು ಬಾ ಅನ್ನಲಿಲ್ಲ. ಹೋಗು ಅಂದೆ, ಅಷ್ಟೇ. ನೀನು ಸರಿಯಾಗೇ ಕೇಳಿಸಿಕೊಂಡಿದ್ದೆ.”

ಅವಳಿಗಾಗಿ ನಾನು ಕಷ್ಟಪಟ್ಟು ಕಟ್ಟಿಕೊಂಡು ಬಂದಿದ್ದ ಕ್ಷಮೆಯನ್ನು ಅವಳು ಹಾಗೇ ಪಕ್ಕಕ್ಕಿಟ್ಟಳು.

“ಆದ್ರೆ ಆ ರೇಡಿಯೋ ಹುಡುಗಿ ಹೋಗಿ ಬರ್ತೀನಿ ಅಂತಾಳಲ್ಲ, ನೀನು ಹಂಗೆ ಎಲ್ಲಿ ಅಂದೆ?” ಎಂದಳು ಅವ್ವ. “ನೀನು ಅಂದಿದ್ದು ಹೋಗ್ತೀನಿ ಅಂತ.”

ಇಲ್ಲ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಅವತ್ತು ಟ್ರಂಕಿನ ಬೀಗದ ಕೈ ಸೆರಗಿನ ತುದಿಗೆ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದೆ. ಅವಳಿಗೆ ನೋವಾಗಲಿ ಎಂದೇ, ಆರಿಸಿಕೊಂಡು, ‘ಹೋಗ್ತೀನಿ’ ಎಂದಿದ್ದೆ. ಅದು ಈಗ ನೆನಪಿಗೆ ಬಂತು. ಏಳು ವರ್ಷ ಕಂಡವರಿಗೆಲ್ಲ ಕಥೆ ಹೇಳುತ್ತಾ ಹೇಳುತ್ತಾ ನನ್ನ ಮಾತನ್ನು ನಾನೇ ತಿದ್ದಿಕೊಂಡು, ಅವಳದನ್ನು ಮಾತ್ರ ಹಾಗೇ ಉಳಿಸಿದ್ದೆ. ಮಕ್ಕಳು ಕಾಪಿಯಲ್ಲಿ ತಪ್ಪು ಉಜ್ಜಿ ತಿದ್ದಿದರೆ ಹಿಡಿದು ನಿಲ್ಲಿಸುವ ಟೀಚರು ನಾನು.

“ಮಗಳು ಬರ್ತೀನಿ ಅನ್ನದಿದ್ರೆ ತಾಯಿ ಬಾಯಾಗೆ ಬಾ ಹೆಂಗೆ ಬರ್ತತೆ?” ಎಂದಳು ಅವ್ವ. “ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನ್ಯಾಮತಿ ಹೋತು, ಈಗ ಇದೂ ಹೋಗ್ತದೆ ಅನ್ನಿಸಿ ಹಿಟ್ಟಿನ ಕೈಯಾಗೇ ಎದ್ದು ಬಸ್‌ಸ್ಟ್ಯಾಂಡಿಗೆ ಓಡಿ ಬಂದೆ. ಬಾ ಅಂತ ಒಂದು ಮಾತು ಅನ್ನಾಕೆ. ಬಸ್ಸು ದಾವಣಗೆರೆ ರಸ್ತೆಗೆ ಹೊಳ್ಳಿತ್ತು. ಆ ಧೂಳಿನಾಗೆ ನಿಂತು ವಾಪಸು ಬಂದೆ.”

ಕಾಗದ ಹಾಕಿಸಬಹುದಿತ್ತಲ್ಲ ಎಂದು ಕೇಳಿದೆ. ನಿಮ್ಮಪ್ಪನ ಕೈಯಲ್ಲಿ ಅದನ್ನು ಬರೆಸಲು ನಾಚಿಕೆಯಾಯಿತು ಎಂದಳು. ತಿಂಗಳು ತಿಂಗಳು ಅಪ್ಪ ಕಾರ್ಡು ಬರೆಯುವಾಗ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದಳಂತೆ. ಏನಾದರೂ ಬರೆಯಲೇನೇ ಎಂದು ಅವನು ಕೇಳಿದರೆ, ಕ್ಷೇಮ ಅಂತ ಬರೀರಿ ಎನ್ನುತ್ತಿದ್ದಳಂತೆ. ಅಷ್ಟು ಕಾರ್ಡುಗಳ ಆ ಸಾಲು ಅವಳದೇ ಎಂದು ನನಗೆ ಗೊತ್ತಾದದ್ದು ಆಗ. ಅಪ್ಪ ರೇಡಿಯೋಗೆ ಬಟ್ಟೆ ಹೊದಿಸುತ್ತಾ, ಅವತ್ತು ಮಧ್ಯಾಹ್ನ ರೊಟ್ಟಿ ಸೀದು ಕರಕಾಗಿತ್ತು, ಯಾಕೆ ಅಂತ ಇವತ್ತು ಗೊತ್ತಾಯಿತು ಎಂದ. ಅವ್ವ ಅವನನ್ನು ದುರುಗುಟ್ಟಿ ನೋಡಿ, “ಕಂಡಿದ್ದೀನಿ ಬಿಡ್ರಿ” ಎಂದಳು. ಮೂವರೂ ನಕ್ಕೆವು. ನಗುತ್ತಲೇ ನಾನು ಅವಳ ಮಡಿಲಿಗೆ ತಲೆ ಹಾಕಿ ಅತ್ತೆ. ಅವಳು ಹತ್ತಿಯ ನಾರು ಅಂಟಿದ ಕೈಯನ್ನು ನನ್ನ ಬೆನ್ನ ಮೇಲೆ ಇಟ್ಟಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹನ್ನೊಂದಕ್ಕಾದರೂ ಶಾಲೆ ಮುಟ್ಟಬೇಕಿತ್ತು. ಮುಂದಿನ ಪಂಚಮಿಗೆ ಮೊದಲು ನಾನೇ ನ್ಯಾಮತಿಗೆ ಹೋಗಿ ಮಾವನನ್ನು ಕಾಣುತ್ತೇನೆ ಎಂದೆ. ಅವ್ವ ಬುತ್ತಿ ಕಟ್ಟಿದ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು. ಆ ದಿನ ಒಲೆಯ ಮುಂದೆ ಕೂರಲಿಲ್ಲ, ನನ್ನ ಹಿಂದೆಯೇ ತಲೆಬಾಗಿಲವರೆಗೆ ಬಂದಳು.

ಹೊಸ್ತಿಲು ದಾಟಿ ತಿರುಗಿ ನಿಂತೆ. ಏಳು ವರ್ಷ ತಡವಾಗಿ, ಒಂದಕ್ಷರವೂ ಬಿಡದೆ ಹೇಳಿದೆ. “ಹೋಗಿ ಬರ್ತೀನಿ ಅವ್ವ.”

“ಹೋಗು ಅಂತ ಅವತ್ತೇ ಅಂದಾಗೈತೆ” ಎಂದಳು ಅವ್ವ. “ಬಾ.”

ಮೊದಲ ಬಸ್ಸು ನನಗೆ ತಪ್ಪಿಹೋಯಿತು.